‘ಆದಾಯ ಇಲ್ಲ’ ಅಂತ ಬರಸಬ್ಯಾಡ್ರಿ

ಅಕ್ಕಗೋಳೆ, ತಂಗಿಗೋಳೆ, ಈ ಸಲ ಉಪ್ಪಿನಕಾಯಿ, ಹಪ್ಪಳದ ಮಾತು ಬ್ಯಾಡ. ಸಿಟ್ಟು ಬಂದದ, ಅದನ್ನೇ ಬರೀತೀನಿ.

ಕಮಲಾಪುರದಾಗಿದ್ದ ನಮ್ಮ ನೆಗೆಣ್ಣಿ ಹುಮನಾಬಾದ್ ರೋಡಿನಾಗ ಗಾಡಿ ಬಡದು ತೀರಿಕೊಂಡಳು. ವಯಸ್ಸು 38. ಗಂಡ, ಎರಡು ಮಕ್ಕಳು, ಹಾಸಿಗಿ ಹಿಡಿದ ನಮ್ಮತ್ತಿ ಆಕಿ ಕೈಯಾಗಿದ್ದರು. ದಿನಕರ್ಮ ಮುಗದ ಮ್ಯಾಲೆ ಕಲಬುರಗಿಗಿ ಬಂದು ಪರಿಹಾರದ ಅರ್ಜಿ ಬರಸಲಿಕ್ಕ ಕೂತ್ವಿ. ಬರಕೊಳ್ಳೋ ಹುಡುಗ ಕೇಳಿದ, “ಏನ್ ಕೆಲಸ ಮಾಡ್ತಿದ್ರು?” ನಮ್ಮ ಮೈದುನ ತಲಿ ತಗ್ಗಿಸಿ, “ಏನಿಲ್ರಿ, ಮನ್ಯಾಗೇ ಇರ್ತಿದ್ಳು” ಅಂದ. ಹುಡುಗ ‘ಆದಾಯ ಇಲ್ಲ’ ಅಂತ ಬರದ.

ಏನಿಲ್ಲಂತ! ನಸುಕಿನಾಗ ಎದ್ದು ನೀರು ತುಂಬಿ, ರೊಟ್ಟಿ ಬಡದು, ಅತ್ತಿಗಿ ಮೈ ತೊಳದು, ಎಮ್ಮಿ ಹಿಂಡಿ, ಮಕ್ಕಳಿಗಿ ಸಾಲಿಗಿ ಕಳಸಾಕಿ. ತೊಗರಿ ರಾಶಿ ಬಂದ್ರ ಹೊಲಕ್ಕೂ ಹೋಗಾಕಿ. ಈಗ ಅಡಗಿಗಿ ಒಬ್ಬಾಕಿ, ಅತ್ತಿಗಿ ನೋಡ್ಕೊಳ್ಳಲಿಕ್ಕ ಇನ್ನೊಬ್ಬಾಕಿ. ಇಬ್ಬರಿಗೂ ಪಗಾರ. ಆಕಿ ಇದ್ದಾಗ ಕೆಲಸಕ್ಕ ರೇಟ್ ಇರಲಿಲ್ಲ, ಹೋದ ಮ್ಯಾಲೆ ಎಲ್ಲಿಂದ ಬಂತು?

ಇದು ನನ್ನ ಒಬ್ಬಾಕಿ ವಾದ ಅಲ್ಲ. ಜಮ್ಶೆಡ್‌ಪುರದ 1989ರ ಬೆಂಕಿ ದುರಂತದ ಪ್ರಕರಣದಾಗ ಸುಪ್ರೀಂ ಕೋರ್ಟ್ 2001ರಾಗೇ ಗೃಹಿಣಿಯರ ದುಡಿಮಿಗಿ ತಿಂಗಳಿಗಿ 3,000 ರೂಪಾಯಿ ಕಟ್ಟಿತ್ತು. 2021ರ ಜನವರಿಯೊಳಗ, ದಿಲ್ಲಿಯ ಗಂಡ-ಹೆಂಡತಿ ಸತ್ತ ಪ್ರಕರಣದಾಗ, ಮನಿಕೆಲಸಕ್ಕೂ ಆದಾಯ ಹಿಡೀಬೇಕು, ಮುಂದಿನ ಏರಿಕಿನೂ ಸೇರಿಸಬೇಕು ಅಂತ ಹೇಳ್ಯದ. ಪಗಾರಿಲ್ಲದ ಮನಿಕೆಲಸಕ್ಕ ಹೆಂಗಸರು ದಿನಕ್ಕ 299 ನಿಮಿಷ, ಗಂಡಸರು 97 ನಿಮಿಷ ಕೊಡ್ತಾರ ಅನ್ನೋ 2019ರ ಸರ್ಕಾರಿ ಸಮೀಕ್ಷೆನೂ ಆ ತೀರ್ಪಿನಾಗ ಅದ.

ಹಿಂದ ಕಾಯ್ದೆಯೊಳಗ ಹೆಂಡತಿ ಆದಾಯ ಅಂದ್ರ ಗಂಡನ ಗಳಿಕಿಯ ಮೂರನೇ ಒಂದು ಪಾಲು ಅಂತ ಇತ್ತು. ಗಂಡ ಬ್ಯಾಂಕಿನಾಗಿದ್ರ ಹೆಂಡತಿ ರೊಟ್ಟಿ ತುಟ್ಟಿ, ಹಮಾಲಿ ಮಾಡಿದ್ರ ಅದೇ ರೊಟ್ಟಿ ಅಗ್ಗನ?

ಲೆಕ್ಕ ನೋಡ್ರಿ. ತಿಂಗಳಿಗಿ 10,000 ಹಿಡದ್ರ, 40ರ ಒಳಗಿನಾಕಿಗಿ ಮುಂದಿನ ಏರಿಕಿ ಅಂತ ನೂರಕ್ಕ 40 ಸೇರಸ್ತಾರ: 14,000. ಆಶ್ರಯಿಸಿದವರು ನಾಲ್ಕು ಮಂದಿ ಇದ್ರ ಆಕಿ ಸ್ವಂತ ಖರ್ಚು ಅಂತ ಕಾಲುಪಾಲು ಕಳೀತಾರ: 10,500. ವರ್ಷಕ್ಕ 1,26,000. 36ರಿಂದ 40ರ ವಯಸ್ಸಿಗಿ 15ರಿಂದ ಗುಣಸ್ತಾರ: 18,90,000. ಅಂದ್ರ ಆ ಕಾಲಮಿನಾಗ 1,000 ಕಮ್ಮಿ ಬಿದ್ರ ಮಕ್ಕಳ ಕೈಯಿಂದ 1,89,000 ಹೋಗ್ತದ!

“ಹೋದ ಜೀವಕ್ಕ ರೊಕ್ಕದ ಲೆಕ್ಕ ಹಾಕ್ತೀಯೇನ್ ವೈನಿ?” ಅಂದ ಮೈದುನ. ಜೀವಕ್ಕ ಅಲ್ಲಪ್ಪಾ, ಆಕಿ ಮಾಡಿದ ಕೆಲಸಕ್ಕ. ಜೀವಕ್ಕ ಬೆಲಿ ಕಟ್ಟಾಕ ಯಾರಿಗೂ ಆಗಲ್ಲ. ಮಕ್ಕಳ ಫೀಸು ಮಾತ್ರ ಕಟ್ಟಲೇಬೇಕು.

ನಾ ಅಲ್ಲೇ ಕೂತು ‘ಆದಾಯ ಇಲ್ಲ’ ಹೊಡದು ಹಾಕಿಸಿ, ಒಂದೊಂದು ಕೆಲಸ ಬರಸಿದೆ. ನೀವೂ ಹಂಗೇ ಮಾಡ್ರಿ. ವಯಸ್ಸಿನ ದಾಖಲೆ, ಡೇರಿ ಹಾಲಿನ ಪುಸ್ತಕ, ಸಂಘದ ಪಾಸ್‌ಬುಕ್, ಹೊಲಿಗಿ ಹಿಸಾಬು, ಏನಿದ್ರೂ ಕೊಡ್ರಿ. ಏನೂ ಇಲ್ಲದಿದ್ರ ಅಪಘಾತದ ವರ್ಷ ನೋಡಿ ಆದಾಯ ಹಿಡಿಯೋ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಪಟ್ಟಿ ಅದ, ವಕೀಲರಿಗಿ ಕೇಳ್ರಿ. ಅರ್ಜಿಗಿ 6 ತಿಂಗಳು ಅಂತ ಕಾಯ್ದೆಯಾಗ ಬರದದ, ತಡ ಮಾಡಬ್ಯಾಡ್ರಿ.

ಮತ್ತ ಇವತ್ತಿಂದ, “ಏನ್ ಮಾಡ್ತೀರಿ?” ಅಂತ ಯಾರರೆ ಕೇಳಿದ್ರ “ಏನಿಲ್ರಿ, ಮನ್ಯಾಗೇ” ಅನ್ನೋದು ಬಿಡ್ರಿ. ಗಂಡಸರು ಅದನ್ನ ಕಲತದ್ದು ನಮ್ಮ ಬಾಯಿಂದನೇ.