ಮಕ್ಕಳ ಬ್ಯಾನರ್‌ಗೆ ದುಂಡನೆಯ ದಪ್ಪ ಅಕ್ಷರವೇ ಸರಿಯೇ? ನಿಜಾಂಶ ಇಲ್ಲಿದೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಿನ ಫ್ಲೆಕ್ಸ್ ಅಂಗಡಿಗೆ ಹೋದರೂ ಹುಟ್ಟುಹಬ್ಬದ ಬ್ಯಾನರ್‌ಗೆ ಕಾರ್ಟೂನ್ ಚಿತ್ರ, ಉಬ್ಬಿದ ಅಕ್ಷರ ಇರಲೇಬೇಕು. ಅಂಗನವಾಡಿಯ ಗೋಡೆಬರಹಕ್ಕೂ ಅದೇ ಶೈಲಿ. ಅಕ್ಷರ ದಪ್ಪಗೆ, ದುಂಡಗೆ ಇದ್ದಷ್ಟೂ ಮಕ್ಕಳು ಬೇಗ ಓದುತ್ತಾರೆ ಎಂಬ ನಂಬಿಕೆ ಇದೆ. ಇದು ನಿಜವೇ? ನೋಡೋಣ.

ದುಂಡನೆಯ ಅಂಚು ಕಣ್ಣಿಗೆ ಮೃದುವಾಗಿ ಕಾಣುತ್ತದೆ, ಕಾರ್ಟೂನ್ ಚಿತ್ರಕ್ಕೂ ಒಪ್ಪುತ್ತದೆ. ಇಷ್ಟು ಸರಿ. ಆದರೆ ಕನ್ನಡ ಲಿಪಿ ಮೊದಲೇ ದುಂಡು. ಇಲ್ಲಿ ಒಂದು ಅಕ್ಷರವನ್ನು ಇನ್ನೊಂದರಿಂದ ಬೇರೆ ಮಾಡುವುದು ಒಳಗಿನ ಚುಕ್ಕೆ, ಕೆಳಗಿನ ಸೀಳಿನಂಥ ಸಣ್ಣ ಗುರುತುಗಳು. ಠ ಅಕ್ಷರದ ಚುಕ್ಕೆ ಮುಚ್ಚಿಹೋದರೆ ಅದು ರ ಆಗುತ್ತದೆ. ಆಗ ‘ಗವಿಮಠ’ ‘ಗವಿಮರ’ ಆಗುತ್ತದೆ, ‘ಪಾಠ’ ‘ಪಾರ’ ಆಗುತ್ತದೆ. ಥ, ಧ, ದ ಮೂರೂ ಒಂದೇ ತರಹ ಕಾಣುತ್ತವೆ. ಶಾಲೆಯಲ್ಲಿ ‘ಹೊಟ್ಟೆ ಸೀಳಿದ ಷ’ ಎಂದು ಕಲಿಸುವ ಅಕ್ಷರ ಪ ಆಗಿಬಿಡುತ್ತದೆ. ದೊಡ್ಡವರು ಅಂದಾಜಿನಲ್ಲಿ ಓದಿಕೊಳ್ಳಬಹುದು. ಆದರೆ ಆಗಷ್ಟೇ ಅಕ್ಷರ ಕಲಿಯುತ್ತಿರುವ ಮಗು ಕಂಡದ್ದನ್ನೇ ಕಲಿಯುತ್ತದೆ.

ಅಕ್ಷರದ ಸುತ್ತ ಹಾಕುವ ಬಣ್ಣದ ಅಂಚು ತೊಂದರೆಯನ್ನು ಇನ್ನೂ ಹೆಚ್ಚಿಸುತ್ತದೆ. ಅಂಚು ದಪ್ಪವಾದಷ್ಟೂ ಅಕ್ಷರದೊಳಗಿನ ಖಾಲಿ ಜಾಗ ತುಂಬಿಹೋಗುತ್ತದೆ.

ಇಂಗ್ಲಿಷ್‌ನ ಕಾರ್ಟೂನ್ ಫಾಂಟ್ ಡೌನ್‌ಲೋಡ್ ಮಾಡಿಕೊಂಡರೆ ಕನ್ನಡವೂ ಹಾಗೇ ಬರುತ್ತದೆ ಎಂದುಕೊಳ್ಳುವವರಿದ್ದಾರೆ. ಇದು ತಪ್ಪು. ಅಂಥ ಹೆಚ್ಚಿನ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಬದಲಿಗೆ ಬೇರೊಂದು ಫಾಂಟ್ ಬರುತ್ತದೆ, ಇಲ್ಲವೇ ಖಾಲಿ ಚೌಕಗಳು ಕಾಣುತ್ತವೆ. ಹಳೆಯ ನುಡಿ ಫಾಂಟ್‌ಗಳಿಗೂ ವಾಟ್ಸಾಪ್‌ನಲ್ಲಿ ಕಳಿಸಿದ ಯೂನಿಕೋಡ್ ಬರಹ ನೇರವಾಗಿ ಹೊಂದುವುದಿಲ್ಲ. ಅಂಗಡಿಯವರು ಅದನ್ನು ಪರಿವರ್ತಿಸಬೇಕು, ಇಲ್ಲವೇ ಮತ್ತೆ ಟೈಪ್ ಮಾಡಬೇಕಾಗುತ್ತದೆ. ಆಗ ಹೆಸರು ತಪ್ಪುವ ಸಾಧ್ಯತೆ ಇರುತ್ತದೆ.

ಕನ್ನಡಕ್ಕೆಂದೇ ಮಾಡಿದ ದುಂಡನೆಯ ಫಾಂಟ್ ಉಚಿತವಾಗಿಯೇ ಸಿಗುತ್ತದೆ. ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ಗೂಗಲ್ ಫಾಂಟ್ಸ್‌ನಲ್ಲಿದೆ. ತಮಿಳಿನಲ್ಲಿ ಇದೇ ಫಾಂಟ್ ‘ತಂಬಿ’, ಮಲಯಾಳಂನಲ್ಲಿ ‘ಚೇಟ್ಟನ್’. ‘ಬಾಲೂ ತಮ್ಮ 2’ ರಲ್ಲಿ ತೆಳುವಿನಿಂದ ದಪ್ಪದವರೆಗೆ ಐದು ಬಗೆಗಳಿವೆ. ಅತಿ ದಪ್ಪದ್ದನ್ನು ದೊಡ್ಡ ತಲೆಬರಹಕ್ಕೆ ಮಾತ್ರ ಇಟ್ಟುಕೊಳ್ಳಿ. ದಿನಾಂಕ, ವಿಳಾಸ, ಮಗು ಓದಬೇಕಾದ ಸಾಲುಗಳಿಗೆ ತೆಳುವಾದದ್ದೇ ಒಳ್ಳೆಯದು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗ ಬಿಡಿಸಿ.

ಪ್ರಿಂಟ್‌ಗೆ ಕೊಡುವ ಮುನ್ನ ಹೀಗೆ ಪರೀಕ್ಷಿಸಿ: ಅಂಗಡಿಯವರು ಕಳಿಸಿದ ವಿನ್ಯಾಸವನ್ನು ಮೊಬೈಲ್‌ನಲ್ಲಿ ತೆರೆದು, ಕೈ ಚಾಚಿ ದೂರ ಹಿಡಿಯಿರಿ. ಠ, ಥ, ಧ, ಷ, ಫ, ಭ ಸ್ಪಷ್ಟವಾಗಿ ಕಾಣುತ್ತವೆಯೇ ನೋಡಿ. ಹೆಸರು ಗೊತ್ತಿಲ್ಲದವರೊಬ್ಬರಿಂದ ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದರೆ ಫಾಂಟ್ ಬದಲಿಸಲು ಹೇಳಿ.

ಒಟ್ಟಾರೆ ಹೇಳುವುದಾದರೆ, ಮಕ್ಕಳಿಗೆ ದುಂಡನೆಯ ಅಕ್ಷರ ಚೆಂದ ಎಂಬುದು ಸರಿ. ದಪ್ಪವಾದಷ್ಟೂ ಓದಲು ಸುಲಭ ಎಂಬುದು ತಪ್ಪು. ಮುಂದಿನ ಬ್ಯಾನರ್ ಮಾಡಿಸುವವರಿಗೆ ಈ ಮಾಹಿತಿ ತಲುಪಿಸಿ.