ತೂಕಕ್ಕೆ ಮಾರಿದ ಸಿನಿಮಾಗಳು

ಕನ್ನಡದ ಮೊದಲ ಮಾತಿನ ಚಿತ್ರವನ್ನು ನೀವು ನೋಡಿಲ್ಲ, ನಾನೂ ನೋಡಿಲ್ಲ, ನಮ್ಮ ಮೊಮ್ಮಕ್ಕಳು ನೋಡುವ ಆಸೆಯೂ ಇಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಮೌಂಟ್ ಟಾಕೀಸಿನಲ್ಲಿ ‘ಸತಿ ಸುಲೋಚನ’ ತೆರೆಕಂಡಿತು. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಮಾತು, ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ನಿರ್ದೇಶನ ವೈ.ವಿ. ರಾವ್ ಅವರದು. ನಿರ್ಮಾಪಕ ಚಮನ್‌ಲಾಲ್ ಡೂಂಗಾಜಿ ಇಡೀ ತಂಡವನ್ನು ಕೊಲ್ಲಾಪುರಕ್ಕೆ ಕರೆದೊಯ್ದು ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರ ತೆಗೆಸಿದರು. ಇಷ್ಟೆಲ್ಲ ನಮಗೆ ಗೊತ್ತು. ಚಿತ್ರ ಮಾತ್ರ ಇಲ್ಲ. ಒಂದು ರೀಲೂ ಇಲ್ಲ. ರಂಗಭೂಮಿಯಲ್ಲಿ ಹೆಸರಾಗಿದ್ದ ನಾಯ್ಡು ಅವರ ಕಂಠ ಆ ಕಾಲದ ಮೈಕಿನಲ್ಲಿ ಹೇಗೆ ಕೇಳಿಸುತ್ತಿತ್ತೋ, ನಾಗೇಂದ್ರರಾಯರ ರಾವಣ ಹೇಗೆ ಗರ್ಜಿಸುತ್ತಿದ್ದನೋ, ಹೇಳಬಲ್ಲ ಕಿವಿಗಳೂ ಈಗ ಉಳಿದಿಲ್ಲ. ಆದರೂ ಪ್ರತಿ ಮಾರ್ಚ್ 3ಕ್ಕೆ ಕನ್ನಡ ಚಿತ್ರರಂಗದ ಹುಟ್ಟುಹಬ್ಬ ಮಾಡಿ, ಹಾರ ಹಾಕಿ, ಭಾಷಣ ಮಾಡಿ, ಕೈತೊಳೆದುಕೊಂಡು ಊಟಕ್ಕೆ ಏಳುತ್ತೇವೆ.

ಇಂಥ ನಷ್ಟಕ್ಕೆ ‘ಕಾಲಗರ್ಭ ಸೇರಿತು’ ಎಂದು ಬರೆದು ಮುಗಿಸುವ ಅಭ್ಯಾಸ ನಮಗಿದೆ. ಹಳೆಯ ಸಿನಿಮಾಗಳ ಮಟ್ಟಿಗೆ ಆ ಮಾತು ಶುದ್ಧ ಸುಳ್ಳು. ಕಾಲ ಬಂದು ರೀಲಿನ ಡಬ್ಬ ಹೊತ್ತುಕೊಂಡು ಹೋಗಲಿಲ್ಲ. ಯಾರೋ ಗೋದಾಮಿನ ಬೀಗ ತೆಗೆದರು. ಯಾರೋ ಗಾಡಿ ತಂದರು. ಯಾರೋ ತಕ್ಕಡಿಗೆ ಹಾಕಿದರು. ಯಾರೋ ದುಡ್ಡು ಎಣಿಸಿಕೊಂಡರು.

ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರವನ್ನು ಮೂಡಿಸುವುದು ಬೆಳ್ಳಿ. ಜೆಲಟಿನ್ ಲೇಪದೊಳಗೆ ಹರಡಿಕೊಂಡ ಬೆಳ್ಳಿಯ ಸಣ್ಣ ಕಣಗಳೇ ನಾಯಕಿಯ ಕೆನ್ನೆಯ ನೆರಳು, ಅವೇ ಹಿಂದಿನ ಗೋಡೆಯ ಕತ್ತಲು. ಓಟ ಮುಗಿದ ಪ್ರಿಂಟು ವ್ಯಾಪಾರಿಯ ಕಣ್ಣಿಗೆ ಸಿನಿಮಾ ಅಲ್ಲ, ಬೆಳ್ಳಿ ಅಂಟಿದ ಪಟ್ಟಿ. ತೊಳೆದು ಬೆಳ್ಳಿ ತೆಗೆದರು. ಉಳಿದ ಸೆಲ್ಯುಲಾಯ್ಡ್ ಬಳೆಯಾಗಿ ಸಂತೆಗೆ ಹೋಯಿತು. ಭಾರತದ ಮೊದಲ ಮಾತಿನ ಚಿತ್ರ, 1931ರ ‘ಆಲಂ ಆರಾ’ದ ಗತಿಯೂ ಇದೇ. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಕಟ್ಟಿದ ಪಿ.ಕೆ. ನಾಯರ್ ಆ ಚಿತ್ರದ ನಿರ್ದೇಶಕ ಅರ್ದೇಶಿರ್ ಇರಾನಿಯವರ ಮನೆಗೆ ಹೋಗಿದ್ದರು. ರೀಲುಗಳು ಇಲ್ಲೇ ಎಲ್ಲೋ ಇರಬೇಕು ಎಂದರಂತೆ ಹಿರಿಯರು. ಬೀಳ್ಕೊಡಲು ಹೊರಗೆ ಬಂದ ಮಗ, ಬೆಳ್ಳಿಗಾಗಿ ಅವನ್ನು ತಾನೇ ಎಂದೋ ಮಾರಿಬಿಟ್ಟೆನೆಂದು ಮೆಲ್ಲಗೆ ಒಪ್ಪಿಕೊಂಡರಂತೆ. ನಾಯರ್ ಇದನ್ನು ಎಷ್ಟೋ ಸಲ ಹೇಳಿದ್ದಾರೆ. ತಂದೆ ಒಳಗೆ ಕೂತು ತನ್ನ ಸಿನಿಮಾ ಇದೆ ಎಂದೇ ನಂಬಿದ್ದರು.

ಈ ಪಾಪದಲ್ಲಿ ನಾವು ಒಬ್ಬಂಟಿಗಳೇನಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆ ತನ್ನದೇ ದೇಶದ ನಿರ್ದೇಶಕ ಜಾರ್ಜ್ ಮೆಲಿಯೆಸ್‌ನ ಚಿತ್ರಗಳನ್ನು ಕರಗಿಸಿ ಬೂಟಿನ ಹಿಮ್ಮಡಿಗೆ ಬಳಸಿತು. 1948ರಲ್ಲಿ ಅಮೆರಿಕದ ಯೂನಿವರ್ಸಲ್ ಕಂಪನಿ ತನ್ನದೇ ಮೂಕಿ ಚಿತ್ರಗಳನ್ನು ನಾಶ ಮಾಡಿತು. ಆದರೆ ಅವರು ಆಮೇಲೆ ನಾಚಿಕೊಂಡರು. ನಾಚಿಕೆಗೆ ಹಣ ಹೊಂದಿಸಿದರು, ಶೀತಲ ಕೊಠಡಿ ಕಟ್ಟಿದರು, ಉಳಿದದ್ದನ್ನು ಹುಡುಕಿದರು. ನಮಗೆ ಇನ್ನೂ ನಾಚಿಕೆಯೇ ಬಂದಿಲ್ಲ.

ಯಾಕೆ ಬಂದಿಲ್ಲ? ಹಳೆಯದನ್ನು ಉಳಿಸುವುದು ನಮಗೆ ಗೊತ್ತಿಲ್ಲ ಎಂದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯ ಓಲೆಗರಿಗಳನ್ನು ಎಣ್ಣೆ ಸವರಿ, ಬಟ್ಟೆ ಸುತ್ತಿ ಇಟ್ಟುಕೊಂಡಿದೆ. ಅಲ್ಲಿಯೇ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. ಅದು ಒಳ್ಳೆಯ ಕೆಲಸ, ತಕರಾರಿಲ್ಲ. ನನ್ನ ತಕರಾರು ಬೇರೆ. ಸಿನಿಮಾ ಯಾರದ್ದಾಗಿತ್ತು? ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ಮರಳ ಮೇಲೆ ಕೂತವರದು. ಕೂಲಿ ಮುಗಿಸಿ ಬಂದವರದು, ಬೀಡಿ ಕಟ್ಟುವವರದು, ಗಂಡ ಬೈದರೂ ಎರಡನೇ ಆಟಕ್ಕೆ ಹೊರಟ ಹೆಂಗಸರದು. ಓದಿದವರ ಮನೆಗಳಲ್ಲಿ ಸಿನಿಮಾ ಪೋಲಿಗಳ ಚಟ. ವಿದ್ವಾಂಸರು ಅದನ್ನು ಮೂಸಿ ನೋಡಲಿಲ್ಲ, ವಿಶ್ವವಿದ್ಯಾಲಯಗಳು ಒಳಗೆ ಬಿಟ್ಟುಕೊಳ್ಳಲಿಲ್ಲ. ಇತ್ತ ಸಿನಿಮಾ ವ್ಯಾಪಾರದ ಗಾಂಧಿನಗರಕ್ಕೆ ಅದು ಸರಕು. ಎ ಸೆಂಟರ್, ಬಿ ಸೆಂಟರ್, ಸಿ ಸೆಂಟರ್ ಎಲ್ಲ ಮುಗಿಸಿ, ಗೀರು ಬಿದ್ದು ಮಳೆ ಸುರಿದಂತೆ ಕಾಣುವ ಪ್ರಿಂಟನ್ನು ಕಾಪಾಡಲು ಗೋದಾಮಿನ ಬಾಡಿಗೆ ಯಾರು ಕಟ್ಟುತ್ತಾರೆ? ಸಂಸ್ಕೃತಿಯ ಯಜಮಾನರಿಗೆ ಅದು ಕೀಳು, ವ್ಯಾಪಾರದ ಯಜಮಾನರಿಗೆ ಅದು ಹಳಸಲು. ಬಡವರ ದುಡ್ಡಿನಿಂದ ಬೆಳೆದ ಕಲೆಗೆ ಬಡವರ ಸಾಮಾನಿಗೆ ಸಿಗುವ ಮರ್ಯಾದೆಯೇ ಸಿಕ್ಕಿತು. ಗುಜರಿಗೆ ಹಾಕಿದರು.

ಇದಕ್ಕೆ ಕೇರಳದ ಒಂದು ತಮಾಷೆಯ ಅಪವಾದವಿದೆ. 1933ರ ‘ಮಾರ್ತಾಂಡ ವರ್ಮ’ ಎಂಬ ಮೂಕಿ ಚಿತ್ರ ಇವತ್ತಿಗೂ ಇದೆ. ಯಾರೂ ಅದನ್ನು ಪ್ರೀತಿಯಿಂದ ಕಾಪಾಡಲಿಲ್ಲ. ಚಿತ್ರಕ್ಕೆ ಆಧಾರವಾದ ಕಾದಂಬರಿಯ ಹಕ್ಕು ನಮ್ಮದೆಂದು ಪ್ರಕಾಶಕರು ಕೋರ್ಟಿಗೆ ಹೋದರು, ರೀಲು ಜಪ್ತಿಯಾಗಿ ಮೂಲೆ ಸೇರಿತು, 1974ರಲ್ಲಿ ಆರ್ಕೈವ್‌ನವರ ಕೈಗೆ ಬಂತು. ನಿರ್ಮಾಪಕನನ್ನು ಮುಳುಗಿಸಿದ ವ್ಯಾಜ್ಯವೇ ಚಿತ್ರವನ್ನು ತೇಲಿಸಿತು. ‘ಸತಿ ಸುಲೋಚನ’ದ ಮೇಲೂ ಯಾರಾದರೂ ಒಂದು ಕೇಸು ಜಡಿಯಬಾರದಿತ್ತೇ ಎನಿಸುತ್ತದೆ!

‘ಅದೆಲ್ಲ ನೈಟ್ರೇಟ್ ಫಿಲ್ಮಿನ ಕಾಲ, ಬೆಂಕಿ ಹತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಆರದ ವಸ್ತು, ಏನು ಮಾಡಲಾಗುತ್ತಿತ್ತು’ ಎನ್ನುವವರಿದ್ದಾರೆ. ನಿಜ, 2003ರ ಜನವರಿಯಲ್ಲಿ ಪುಣೆಯಲ್ಲಿ ಜತನ ಮಾಡಿಟ್ಟಿದ್ದ ನೈಟ್ರೇಟ್ ರೀಲುಗಳೇ ಉರಿದುಹೋದವು. ಆದರೆ 1950ರ ದಶಕದಲ್ಲಿ ಹೊತ್ತಿ ಉರಿಯದ ಅಸಿಟೇಟ್ ಫಿಲ್ಮ್ ಬಂತಲ್ಲ? ‘ಬೇಡರ ಕಣ್ಣಪ್ಪ’, ‘ಸ್ಕೂಲ್ ಮಾಸ್ಟರ್’, ‘ನಾಂದಿ’, ‘ಗೆಜ್ಜೆಪೂಜೆ’ ಬಂದದ್ದು ಆಮೇಲೆ ತಾನೇ? ನಾವು ಸುವರ್ಣಯುಗ ಎಂದು ಎದೆತಟ್ಟಿಕೊಳ್ಳುವ ಕಾಲ ಅದು. ಆಗ ಕನ್ನಡ ಚಿತ್ರಗಳು ಹುಟ್ಟುತ್ತಿದ್ದದ್ದು ಮದ್ರಾಸಿನಲ್ಲಿ. ಶೂಟಿಂಗು ಅಲ್ಲಿ, ಎಡಿಟಿಂಗು ಅಲ್ಲಿ, ನೆಗೆಟಿವ್ ಇಡುವುದೂ ಅಲ್ಲಿನ ಲ್ಯಾಬಿನಲ್ಲಿ. ನಿರ್ಮಾಪಕರು ಒಂದೆರಡು ಚಿತ್ರಕ್ಕೆ ದಿವಾಳಿಯಾಗಿ ಊರಿಗೆ ಮರಳಿದರು. ನೆಗೆಟಿವ್ ಇಟ್ಟ ಬಾಡಿಗೆಯ ಬಾಕಿ ಬೆಳೆಯಿತು. ತೀರಿಕೊಂಡ ನಿರ್ಮಾಪಕನ ಮಕ್ಕಳಿಗೆ ಮದ್ರಾಸಿನ ಕೋಡಂಬಾಕ್ಕಂನಲ್ಲಿ ಅಪ್ಪನ ಡಬ್ಬಗಳಿವೆ ಎಂಬುದೇ ತಿಳಿಯದು. ಸಮುದ್ರದಂಡೆಯ ಸೆಕೆಗೆ ಅಸಿಟೇಟ್ ಹುಳಿಯುತ್ತದೆ. ಡಬ್ಬ ತೆರೆದರೆ ವಿನೆಗರ್ ವಾಸನೆ ಗಮ್ಮೆಂದು ಹೊಡೆಯುತ್ತದೆ, ಫಿಲ್ಮು ಕುಗ್ಗಿ ಸುರುಳಿಯಾಗುತ್ತದೆ, ಒಂದು ಡಬ್ಬದ ರೋಗ ಪಕ್ಕದ ಡಬ್ಬಕ್ಕೂ ಹತ್ತುತ್ತದೆ. ಎಪ್ಪತ್ತರ ದಶಕದ ಈಸ್ಟ್‌ಮನ್ ಕಲರ್ ಪ್ರಿಂಟುಗಳ ಪಾಡು ಇನ್ನೊಂದು. ಹಸಿರೂ ನೀಲಿಯೂ ಆರಿಹೋಗಿ ಇಡೀ ಲೋಕ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಒಣಗಿದ, ತಂಪಾದ ಕೋಣೆಯೊಂದಿದ್ದರೆ ಇದೆಲ್ಲ ದಶಕಗಟ್ಟಲೆ ಮುಂದೂಡಬಹುದಾದ ಸಾವು. ಡಿಜಿಟಲ್ ಬಂದು ಫಿಲ್ಮ್ ಲ್ಯಾಬುಗಳು ಒಂದರ ಹಿಂದೊಂದು ಬಾಗಿಲು ಹಾಕಿದಾಗಲಾದರೂ ಲಾರಿ ತೆಗೆದುಕೊಂಡು ಹೋಗಿ ನಮ್ಮ ಡಬ್ಬಗಳನ್ನು ಒಟ್ಟಾಗಿ ತರಬೇಕಿತ್ತು. ಬೆಳಗಾವಿ ನಮ್ಮದು, ಕಾವೇರಿ ನಮ್ಮದು ಎಂದು ಬೀದಿಗಿಳಿದ ಯಾರ ಬಾಯಲ್ಲೂ ಮದ್ರಾಸಿನಲ್ಲಿರುವ ನೆಗೆಟಿವ್ ನಮ್ಮದು ಎಂಬ ಘೋಷಣೆ ನಾನು ಕೇಳಲಿಲ್ಲ.

ಉಳಿದದ್ದನ್ನಾದರೂ ನೋಡುವಂತೆ ಇಟ್ಟಿದ್ದೇವೆಯೇ? ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ 1967ರಲ್ಲಿ ಮಾಡಿದ ‘ಬೆಳ್ಳಿಮೋಡ’ ತೆಗೆದುಕೊಳ್ಳಿ. ಸ್ಟುಡಿಯೋದ ಪರದೆ ಬಿಟ್ಟು ಮಲೆನಾಡಿನ ಬಯಲಿಗೆ ಕ್ಯಾಮೆರಾ ಹೊತ್ತೊಯ್ದ ಚಿತ್ರ. ಕಪ್ಪು ಬಿಳುಪಿನಲ್ಲಿ ಮೋಡ ತೋರಿಸುವುದೆಂದರೆ ಬೂದಿಯ ಹತ್ತಾರು ಛಾಯೆಗಳನ್ನು ಒಂದರ ಪಕ್ಕ ಒಂದು ಇಡುವ ಕೆಲಸ. ಬೆಟ್ಟದ ಕಪ್ಪು, ಅದರಾಚೆ ಮಂಜಿನ ಮಸುಕು, ಅದರ ಮೇಲೆ ಬಿಸಿಲು ತಾಗಿದ ಮೋಡದ ಅಂಚು. ನಾಯಕಿ ಇಂದಿರೆಯಾಗಿ ನಟಿಸಿದ ಕಲ್ಪನಾ ಮುಖದಲ್ಲಿ ಭರವಸೆ ಆರಿಹೋಗುವುದೂ ಅಂಥದೇ ಸೂಕ್ಷ್ಮ ಛಾಯೆಗಳಲ್ಲಿ. ನಾನು ನೋಡಿದ ಪ್ರತಿಯಲ್ಲಿ ಆಕಾಶವೆಂದರೆ ಸುಣ್ಣ ಬಳಿದ ಗೋಡೆ. ಮೋಡವೇ ಇಲ್ಲದ ‘ಬೆಳ್ಳಿಮೋಡ’! ಪ್ರಿಂಟಿನಿಂದ ಟೇಪಿಗೆ, ಟೇಪಿನಿಂದ ಡಿಸ್ಕಿಗೆ, ಡಿಸ್ಕಿನಿಂದ ಫೋನಿಗೆ ಇಳಿಯುತ್ತ ಬಂದ ಚಿತ್ರಗಳು ಇಂಥವೇ. ಅಗಲದ ಟೀವಿಗೆ ಹೊಂದಲೆಂದು ನಟರ ತಲೆಯ ಮೇಲ್ಭಾಗವನ್ನೂ ಮೊಣಕಾಲನ್ನೂ ಕತ್ತರಿಸುತ್ತಾರೆ. ಕೆಲವು ಕಡೆ ಹಾಡುಗಳೇ ಮಾಯ, ಅವುಗಳ ಹಕ್ಕು ಇನ್ನೊಬ್ಬರದು. ನಟ ಅಶ್ವಥ್ ಕಣ್ಣೊರೆಸಿಕೊಳ್ಳುವ ಜಾಗದಲ್ಲೇ ಕಂಪನಿಯ ಲೋಗೋ ಗಿರಗಿರ ಸುತ್ತುತ್ತದೆ. ಇದನ್ನು ನೋಡಿ ಇಪ್ಪತ್ತರ ಹುಡುಗ ಹಳೆ ಸಿನಿಮಾ ಬೋರು ಎಂದರೆ ಅವನ ತಪ್ಪೇನು? ಅವನು ಸಿನಿಮಾ ನೋಡಿಲ್ಲ, ಅದರ ಹೆಣ ನೋಡಿದ್ದಾನೆ.

ಇನ್ನು ಬಣ್ಣ ಬಳಿಯುವವರು. 2008ರಲ್ಲಿ ‘ಸತ್ಯ ಹರಿಶ್ಚಂದ್ರ’, 2014ರಲ್ಲಿ ‘ಕಸ್ತೂರಿ ನಿವಾಸ’ ಕಲರ್ ಆಗಿ ಮತ್ತೆ ತೆರೆಗೆ ಬಂದವು. ಜನ ಬಂದರು, ಶಿಳ್ಳೆ ಹೊಡೆದರು, ಆ ಸಂತೋಷ ಕಸಿಯಲು ನನಗಿಷ್ಟವಿಲ್ಲ. ಕೇಳುವುದಿಷ್ಟೇ: ಅಷ್ಟು ದುಡ್ಡು ಸುರಿಯುವಾಗ ಛಾಯಾಗ್ರಾಹಕ ಬೆಳಕಿಟ್ಟ ಕಪ್ಪು ಬಿಳುಪಿನಲ್ಲೇ ಒಂದು ಶುದ್ಧ ಪ್ರತಿ ಮಾಡಿ ಜನರ ಮುಂದಿಡಬಾರದಿತ್ತೇ? ಗುರುದತ್ ಚಿತ್ರಗಳಿಗೆ ಕನ್ನಡಿಯಿಂದ ಬಿಸಿಲು ಹಿಡಿದು ತಂದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು. ಅವರ ನಾಡಿನಲ್ಲೇ ಕಪ್ಪು ಬಿಳುಪನ್ನು ಊನವೆಂದು ತಿಳಿದು ಬಣ್ಣದಿಂದ ಮುಚ್ಚುತ್ತಾರೆ.

ಬೆಂಗಳೂರಿನ ಚಿತ್ರಮಂದಿರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ಯಾರಮೌಂಟ್ ಹೋಯಿತು, ಪ್ಲಾಜಾ ಮೆಟ್ರೋ ನಿಲ್ದಾಣಕ್ಕೆ ಹೋಯಿತು, ಕಪಾಲಿ 2017ರಲ್ಲಿ ಮುಚ್ಚಿ ನೆಲಸಮವಾಯಿತು. ಕಟ್ಟಡ ಮತ್ತೆ ಕಟ್ಟಬಹುದು. ನೆಗೆಟಿವ್ ಹೋದರೆ ಹೋಯಿತು.

2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಮರುಹುಟ್ಟು ಪಡೆದು ಬೆಳಗಿತು. 1977ರ ಚಿತ್ರ, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು. ಕೆಲಸ ಮಾಡಿದವರು ಯಾರು? ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸಿ ಕಟ್ಟಿದ ಸಂಸ್ಥೆ. ಹಣ ಕೊಟ್ಟದ್ದು ‘ಸ್ಟಾರ್ ವಾರ್ಸ್’ ಮಾಡಿದ ಜಾರ್ಜ್ ಲೂಕಸ್ ಕುಟುಂಬದ ಪ್ರತಿಷ್ಠಾನ. ಮಲೆನಾಡಿನ ಅಗ್ರಹಾರದ ವಿಧವೆ ಯಮುನಕ್ಕನ ದುಃಖ ಉಳಿಯಬೇಕೆಂದು ಕ್ಯಾಲಿಫೋರ್ನಿಯಾದವರಿಗೆ ಅನ್ನಿಸಿತು. ತಾರೆಯರ ಕಟೌಟಿಗೆ ಕೊಡಗಟ್ಟಲೆ ಹಾಲು ಸುರಿಯುವ ನಮಗೆ ಅನ್ನಿಸಲಿಲ್ಲ.

ಸರ್ಕಾರಕ್ಕೆ ದುಡ್ಡಿಲ್ಲ ಎನ್ನಬೇಡಿ. 2025-26ರ ಬಜೆಟ್ಟಿನಲ್ಲಿ ಮೈಸೂರಿನ ಚಿತ್ರನಗರಿಗೆ ಖಾಸಗಿ ಸಹಭಾಗಿತ್ವದಲ್ಲಿ 500 ಕೋಟಿ ಎಂದರು. ಅದೇ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳ ಭಂಡಾರಕ್ಕೆ 3 ಕೋಟಿ ಎಂದರು. ಬರಲಿರುವ ಸಿನಿಮಾಗಳ ಸೆಟ್ಟಿಗೆ 500, ಬಂದುಹೋದ ತೊಂಬತ್ತು ವರ್ಷದ ಸಿನಿಮಾಗಳಿಗೆ 3! ಮೂರು ಕೋಟಿಯಲ್ಲಿ ನೆಗೆಟಿವ್ ಹುಡುಕಬೇಕು, ತರಬೇಕು, ತೊಳೆಯಬೇಕು, ಸ್ಕ್ಯಾನ್ ಮಾಡಬೇಕು, ವರ್ಷವಿಡೀ ಹಗಲು ರಾತ್ರಿ ತಂಪು ಕೋಣೆ ನಡೆಸಬೇಕು. ಲೆಕ್ಕ ಬರೆದ ಅಧಿಕಾರಿ ಒಮ್ಮೆಯಾದರೂ ರೀಲಿನ ಡಬ್ಬ ತೆರೆದು ನೋಡಿದ್ದಾರೆಯೇ?

1954ರ ಕೇಂದ್ರ ಕಾಯ್ದೆಯ ಪ್ರಕಾರ ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕವೂ ರಾಷ್ಟ್ರೀಯ ಗ್ರಂಥಾಲಯ ಸೇರಬೇಕು. ಯಾವುದೋ ಗೈಡು, ಯಾವುದೋ ಪಂಚಾಂಗ, ಎಲ್ಲಕ್ಕೂ ಅಲ್ಲಿ ಜಾಗವಿದೆ. ಅದೇ 1954ರಲ್ಲಿ ರಾಜಕುಮಾರ್ ನಾಯಕನಾಗಿ ಬಂದ ‘ಬೇಡರ ಕಣ್ಣಪ್ಪ’ದ ನೆಗೆಟಿವನ್ನು ಎಲ್ಲಾದರೂ ಒಪ್ಪಿಸಲೇಬೇಕೆಂಬ ಕಾನೂನು ಆಗಲೂ ಇರಲಿಲ್ಲ, ಈಗಲೂ ಇಲ್ಲ. ರಾಜ್ಯ ಸರ್ಕಾರ ದಶಕಗಳಿಂದ ಚಿತ್ರಗಳಿಗೆ ಸಬ್ಸಿಡಿ ಕೊಡುತ್ತಿದೆ. ಅದು ಜನರ ತೆರಿಗೆಯ ದುಡ್ಡು. ಚೆಕ್ ಬರೆಯುವ ಮುನ್ನ ಮೂಲಪ್ರತಿ ಭಂಡಾರಕ್ಕೆ ಬಂದಿದೆಯೇ ಎಂದು ಕೇಳಲು ಹೊಸ ಆಯೋಗ ಬೇಕಿಲ್ಲ, ಒಂದು ಸಾಲಿನ ಆದೇಶ ಸಾಕು. ಹಳೆಯ ಚಿತ್ರಗಳ ಹಕ್ಕು ಹಿಡಿದು ಕೂತ ಕಂಪನಿಗಳನ್ನೂ ಕೇಳಬೇಕು: ಮಾರುವ ಹಕ್ಕು ನಿಮ್ಮದಾದರೆ ಕಾಯುವ ಹೊಣೆ ಯಾರದು? ನೆಗೆಟಿವ್ ಎಲ್ಲಿದೆ? ಯಾವ ಸ್ಥಿತಿಯಲ್ಲಿದೆ? ಪಟ್ಟಿ ಹೊರಗಿಡಿ.

ಈಗ ಎಲ್ಲ ಡಿಜಿಟಲ್, ಇನ್ನು ಚಿಂತೆಯಿಲ್ಲ ಎನ್ನುವ ಹೊಸ ನಿರ್ಮಾಪಕರಿಗೂ ಒಂದು ಪ್ರಶ್ನೆ. ಹತ್ತು ವರ್ಷದ ಹಿಂದೆ ನಿಮ್ಮ ಚಿತ್ರದ ಮೂಲಪ್ರತಿಯನ್ನು ತುಂಬಿಸಿ ಆಫೀಸಿನ ಬೀರುವಿನಲ್ಲಿ ಇಟ್ಟಿರಲ್ಲ, ಆ ಹಾರ್ಡ್ ಡಿಸ್ಕು, ಅದನ್ನು ಇವತ್ತು ಸಂಜೆ ಕಂಪ್ಯೂಟರಿಗೆ ಜೋಡಿಸಿ ನೋಡಿ. ತಿರುಗಿದರೆ ಇನ್ನೆರಡು ಪ್ರತಿ ಮಾಡಿ ಬೇರೆ ಬೇರೆ ಊರಿನಲ್ಲಿಡಿ. ತಿರುಗದಿದ್ದರೆ, ಅದನ್ನೂ ಗುಜರಿಯವನು ತೂಕಕ್ಕೇ ಕೊಳ್ಳುತ್ತಾನೆ.