ನಲವತ್ತರ ಮೇಲೆ ಗಣಕವಿದ್ಯೆ

ಹದಿನೆಂಟನೆಯ ವಯಸ್ಸಿನಲ್ಲಿ ಆರಿಸಿಕೊಂಡ ವಿಷಯವೇ ಜೀವಮಾನದ ವೃತ್ತಿಯನ್ನು ಗೊತ್ತುಮಾಡತಕ್ಕದ್ದೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಂಬಿರುತ್ತಾರೆ. ಗಣಕವಿದ್ಯೆಯ ವಿಚಾರದಲ್ಲಂತೂ ಈ ನಂಬಿಕೆ ಮತ್ತಷ್ಟು ಬಲವಾದುದು. ಅದು ಎಳೆಯರ ವಿದ್ಯೆ, ನಲವತ್ತು ದಾಟಿದವರಿಗೆ ತಲೆಗೆ ಹತ್ತಲಾರದು ಎಂಬ ಮಾತನ್ನು ಎಲ್ಲೆಡೆಯೂ ಕೇಳುತ್ತೇವೆ. ನಾವು ಇದನ್ನು ಒಪ್ಪಲಾರೆವು. ಏಕೆ ಒಪ್ಪಲಾರೆವೆಂಬುದನ್ನು ಒಬ್ಬ ಮಹಿಳೆಯ ವೃತ್ತಾಂತದ ಮೂಲಕ ಹೇಳುವುದು ಸುಲಭ.

1910ರಲ್ಲಿ ಜನಿಸಿದ ಡೊರೊಥಿ ವಾನ್ ಅಮೆರಿಕದ ವರ್ಜೀನಿಯ ಸಂಸ್ಥಾನದ ಪ್ರೌಢಶಾಲೆಯೊಂದರಲ್ಲಿ ಗಣಿತದ ಉಪಾಧ್ಯಾಯಿನಿಯಾಗಿದ್ದರು. 1943ರಲ್ಲಿ, ಯುದ್ಧದ ದಿನಗಳಲ್ಲಿ, ಲ್ಯಾಂಗ್ಲೆಯ ವಿಮಾನ ಸಂಶೋಧನಾಲಯವನ್ನು 'ಕಂಪ್ಯೂಟರ್' ಆಗಿ ಸೇರಿದರು. ವಾಚಕರು ಬೆರಗಾಗಬೇಕಾದುದಿಲ್ಲ, ಆಗ ಕಂಪ್ಯೂಟರ್ ಎಂಬ ಹೆಸರು ಯಂತ್ರಕ್ಕಲ್ಲ, ಲೆಕ್ಕ ಹಾಕುವ ಮನುಷ್ಯರಿಗೆ ಸಲ್ಲುತ್ತಿತ್ತು. ವರ್ಣಭೇದದ ಕಟ್ಟಳೆಯಿಂದಾಗಿ ಆಫ್ರಿಕನ್ ಮೂಲದ ಮಹಿಳೆಯರಿಗೆ ಅಲ್ಲಿ ಪ್ರತ್ಯೇಕ ವಿಭಾಗವಿದ್ದಿತು. 1949ರಲ್ಲಿ ಅದರ ಮೇಲ್ವಿಚಾರಣೆ ವಾನ್ ಅವರ ಪಾಲಿಗೆ ಬಂದಿತು.

ಆ ಕೆಲಸದ ಬಗೆಯನ್ನು ಸ್ವಲ್ಪ ಗಮನಿಸಬೇಕು. ಇಂಜಿನಿಯರರು ಸಮೀಕರಣಗಳನ್ನೂ ಗಾಳಿಸುರಂಗದ ಅಳತೆಗಳನ್ನೂ ಒಪ್ಪಿಸುವರು. ಆ ಸಮೀಕರಣವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ದೊಡ್ಡ ಹಾಳೆಯ ಮೇಲೆ ಅಂಕಣಗಳನ್ನು ಎಳೆಯಬೇಕು. ಉದಾಹರಣೆಗೆ, ಮೊದಲನೆಯ ಅಂಕಣದಲ್ಲಿ ಗಾಳಿಯ ವೇಗ, ಎರಡನೆಯದರಲ್ಲಿ ಅದರ ವರ್ಗ, ಮೂರನೆಯದರಲ್ಲಿ ಆ ವರ್ಗವನ್ನು ಗಾಳಿಯ ಸಾಂದ್ರತೆಯ ಅರ್ಧದಿಂದ ಗುಣಿಸಿದ ಲಬ್ಧ. ಬಳಿಕ ಲೆಕ್ಕದ ಯಂತ್ರಗಳ ನೆರವಿನಿಂದ ಹಾಳೆಯನ್ನು ಸಾಲು ಸಾಲಾಗಿ ತುಂಬುತ್ತ ಹೋಗಬೇಕು.

1957ರಲ್ಲಿ ಐಬಿಎಂ ಸಂಸ್ಥೆ ಫೋರ್ಟ್ರಾನ್ ಎಂಬ ಭಾಷೆಯನ್ನು ಹೊರತಂದಿತು; 'ಸೂತ್ರಾನುವಾದ' ಎಂಬುದೇ ಆ ಹೆಸರಿನ ಅರ್ಥ. ಮರುವರ್ಷ ಸಂಶೋಧನಾಲಯವು ನಾಸಾ ಸಂಸ್ಥೆಯ ಅಂಗವಾದಾಗ ಪ್ರತ್ಯೇಕ ವಿಭಾಗವು ರದ್ದಾಯಿತು. ಐವತ್ತರ ಅಂಚಿನಲ್ಲಿದ್ದ ವಾನ್ ಫೋರ್ಟ್ರಾನನ್ನು ಕಲಿತರು, ಸಹೋದ್ಯೋಗಿಗಳಿಗೂ ಕಲಿಸಿದರು. ಸ್ಕೌಟ್ ರಾಕೆಟ್ಟಿನ ಕಾರ್ಯದಲ್ಲಿಯೂ ಪಾಲ್ಗೊಂಡರು. ಹಾಳೆಯ ಅಂಕಣಗಳ ಮೇಲಿನ ತಲೆಬರಹಗಳೇ ಪ್ರೋಗ್ರಾಮಿನ ಆದೇಶಗಳಾದುವು. ಅದೇ ಕ್ರಮವನ್ನು ಪ್ರತಿ ಸಾಲಿಗೂ ಮತ್ತೆ ಮತ್ತೆ ನಡೆಸುವ ಹೊಣೆ ಯಂತ್ರಕ್ಕೆ ಬಿದ್ದಿತು. ಹಿಂದಿನ ಹದಿನೈದು ವರ್ಷಗಳ ದುಡಿಮೆಯಲ್ಲಿ ಯಾವುದೂ ವ್ಯರ್ಥವಾಗಲಿಲ್ಲ.

ಇತರ ವೃತ್ತಿಗಳಲ್ಲಿಯೂ ಹೀಗೆಯೇ. ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ತಪ್ಪು ಎಲ್ಲಿ ಅಡಗಿರುತ್ತದೆಂಬುದನ್ನು ಇಪ್ಪತ್ತು ವರ್ಷ ಬ್ಯಾಂಕಿನ ಖಾತೆ ನೋಡಿದವರು ಬಲ್ಲರು; ಅದನ್ನು ಯಾವ ಪ್ರೋಗ್ರಾಂ ಭಾಷೆಯೂ ಕಲಿಸಲಾರದು. ಇಂದು ಆಡುಮಾತಿನಲ್ಲಿ ಕೇಳಿದರೂ ಪ್ರೋಗ್ರಾಂ ಬರೆದುಕೊಡುವ ಸಾಧನಗಳು ಬಂದಿವೆಯಷ್ಟೆ. ಅವು ಕೊಟ್ಟ ಉತ್ತರ ಸರಿಯೇ ತಪ್ಪೇ ಎಂದು ಹೇಳಬಲ್ಲವರು ಆ ಕೆಲಸವನ್ನು ಕೈಯಾರೆ ಮಾಡಿದವರೇ.

ದಾರಿ ಸುಗಮವೆಂದು ನಾವು ಹೇಳುತ್ತಿಲ್ಲ. ಮಕ್ಕಳ ಶುಲ್ಕ ಕಟ್ಟಬೇಕಾದ ವಯಸ್ಸಿನಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಿ, ತಮಗಿಂತ ಕಿರಿಯರ ಕೈಕೆಳಗೆ ಕುಳಿತು ಕಲಿಯುವುದು ಸಣ್ಣ ಮಾತಲ್ಲ. ಮೂರು ತಿಂಗಳಲ್ಲಿ ಪರಿಣತರನ್ನಾಗಿಸುತ್ತೇವೆಂಬ ಜಾಹೀರಾತುಗಳನ್ನು ನಂಬಿ ಹಣ ತೆತ್ತು ಕೈಸುಟ್ಟುಕೊಂಡವರೂ ಉಂಟು. ವಾನ್ ಅವರೂ ಮತ್ತೊಮ್ಮೆ ಮೇಲ್ವಿಚಾರಕ ಹುದ್ದೆಯನ್ನು ಬಯಸಿದರು. 1971ರಲ್ಲಿ ನಿವೃತ್ತರಾಗುವವರೆಗೂ ಅದು ದೊರೆಯಲಿಲ್ಲ.

ಆದರೆ ಈ ಕಷ್ಟಗಳಿಗೆ ವಯಸ್ಸಾದ ಮಿದುಳನ್ನು ದೂರುವುದು ಅನ್ಯಾಯ. 'ಇಂಥ ವರ್ಷ ಪದವಿ ಪಡೆದವರು ಮಾತ್ರ ಅರ್ಜಿ ಹಾಕತಕ್ಕದ್ದು' ಎಂಬ ಒಕ್ಕಣೆ ನಮ್ಮಲ್ಲಿಯ ಉದ್ಯೋಗ ಪ್ರಕಟಣೆಗಳಲ್ಲಿ ಸಾಮಾನ್ಯ. ಪದವಿಯ ವರ್ಷದಿಂದ ಬುದ್ಧಿಯನ್ನು ಅಳೆಯುವ ಈ ಪದ್ಧತಿಗೆ ವಿಜ್ಞಾನದ ಆಧಾರವೇನೆಂದು ನಮಗೆ ತಿಳಿಯದು. ಇಂದು ಅದರಿಂದ ಲಾಭ ಪಡೆಯುವ ತರುಣನೇ ಇಪ್ಪತ್ತು ವರ್ಷಗಳ ತರುವಾಯ ಅದೇ ಬಾಗಿಲಿನ ಹೊರಗೆ ನಿಲ್ಲಬೇಕಾದೀತು. ಬಂದವರ ಮುಂದೆ ಒಂದು ಸಮಸ್ಯೆಯನ್ನೂ ಒಂದು ಖಾಲಿ ಹಾಳೆಯನ್ನೂ ಇಟ್ಟು, ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸಿರೆಂದು ಕೇಳಲು ಸಂಸ್ಥೆಗಳಿಗೆ ಅರ್ಧ ಗಂಟೆಯೂ ಬೇಕಾಗುವುದಿಲ್ಲ.